ಬುರೈದಾದಲ್ಲಿ ದೂಮಣ್ಣನ ಪಟ್ಟು

ಬುರೈದಾ, ಸೌದಿ ಅರೇಬಿಯಾ, ನವೆಂಬರ್ 1994

ಪ್ರೀತಿಯ ದೂಮಣ್ಣ ಭಾವನಿಗೆ,

ನಮ್ಮ ಕ್ಯಾಂಪಿನ ಎಸಿ ಮೆಕ್ಯಾನಿಕ್ ಡನಿಲೋ ಮನಿಲಾದಲ್ಲಿ ಸಂಬಳಕ್ಕೆ ಬಾಸ್ಕೆಟ್‌ಬಾಲ್ ಆಡುತ್ತಿದ್ದವನು. ತಂಡ ಮುಚ್ಚಿದ ಮೇಲೆ ಇಲ್ಲಿಗೆ ಬಂದ. ಹೋದ ವಾರ ಆಟಕ್ಕೆ ಒಬ್ಬ ಕಡಿಮೆಯೆಂದು ನನ್ನನ್ನೂ ಅವನೆದುರು ನಿಲ್ಲಿಸಿದರು. ಚೆಂಡು ಬಡಿಯುತ್ತಾ ಅವನು ನನ್ನತ್ತಲೇ ನುಗ್ಗಿದಾಗ ಕಬಡ್ಡಿಯ ರೈಡರ್ ಬಂದಂತಾಯಿತು. ಕೈ ತಾನಾಗಿ ಹೋಗಿ ಅವನ ಪಾದ ಹಿಡಿಯಿತು! ಇಬ್ಬರೂ ಅಂಕಣದಂಚಿನ ಮರಳಿನಲ್ಲಿ.

"ಎಂತ ಮಾರಾಯ, ಇದು ಕಬಡ್ಡಿಯಾ?" ಎಂದು ಜೊತೆಗೆ ಆಡುತ್ತಿದ್ದ ನಮ್ಮೂರ ಕಡೆಯ ರಝಾಕ್ ಕೂಗಿದ.

ಡನಿಲೋ ಮಾತ್ರ ಬಿದ್ದಲ್ಲೇ ನಕ್ಕು, "ನನ್ನನ್ನು ಹೀಗೆ ಯಾರೂ ನಿಲ್ಲಿಸಿದ್ದಿಲ್ಲ. ಯಾರು ಕಲಿಸಿದ್ದು?" ಎಂದ. ನಿಮ್ಮ ಹೆಸರು ಹೇಳಿದೆ.

ಕಾರ್ಡು ಮೊದಲು ಓದುವವಳು ಅಕ್ಕನೇ ತಾನೇ? ಅಕ್ಕಾ, ಮೊಣಕಾಲು ಬರೀ ತರಚಿದ್ದು, ಗಾಬರಿ ಬೇಡ.

ಈಗ ಅವನಿಗೂ ಕಬಡ್ಡಿಯ ಹುಚ್ಚು. ಉಸಿರು ಹಿಡಿದು ರೈಡಿಗೆ ಬರುವಾಗ "ಕಬಡ್ಡಿ ಕಬಡ್ಡಿ" ಅನ್ನುವುದಿಲ್ಲ, "ದೂಮಣ್ಣ ದೂಮಣ್ಣ" ಅನ್ನುತ್ತಾನೆ!

ನಿಮ್ಮ ವಾಮನ