ಅಕ್ಕ ತೆಳ್ಳಗಿದ್ದಾಳೆಂದು ಬಾಗಿಲಿನಿಂದಲೇ ಕಳಿಸಿದವರಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ತಮ್ಮ ಇಲಾಖೆಯ ಹೃದಯ ತಪಾಸಣಾ ಶಿಬಿರದಿಂದ ನನ್ನ ಅಕ್ಕನನ್ನು, ತೆಳ್ಳಗಿದ್ದಾಳೆಂಬ ಒಂದೇ ಕಾರಣಕ್ಕೆ, ಬಾಗಿಲಿನಿಂದಲೇ ವಾಪಸ್ಸು ಕಳಿಸಲಾಯಿತು. ನನ್ನನ್ನು ಮಾತ್ರ ಮದುವಣಿಗನಂತೆ ಒಳಗೆ ಕರೆದೊಯ್ದು, ಕೂರಿಸಿ, ರಕ್ತ ತೆಗೆದರು. ಈ ಗೌರವಕ್ಕೆ ನನ್ನ ಅರ್ಹತೆ ನನ್ನ ಹೊಟ್ಟೆ. ಅದನ್ನು ಬೆಳೆಸಲು ಪಟ್ಟ ಶ್ರಮ ಕೊನೆಗೂ ಸರ್ಕಾರದ ಕಣ್ಣಿಗೆ ಬಿತ್ತಲ್ಲ ಎಂದು ಆ ದಿನ ಹಿಗ್ಗಿದ್ದೂ ನಿಜ.

ನಾನು ದರ್ಜಿ. ಅಂಗಡಿ ಕೆಳಗೆ, ಮನೆ ಮೇಲೆ. ಅಕ್ಕ ಮತ್ತು ನಾನು ಎದುರುಬದುರು ಮೆಷಿನ್ನುಗಳಲ್ಲಿ ಹೊಲಿಯುತ್ತೇವೆ. ಊರಿನ ಸೊಂಟಗಳನ್ನೆಲ್ಲ ಅಳೆದ ನಾನು, ಸೊಂಟ ನೋಡಿಯೇ ಆಯಸ್ಸು ಹೇಳಬಲ್ಲೆ ಎಂದು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದವನು. ತಮ್ಮ ಇಲಾಖೆಯೂ ಇದೇ ವಿದ್ಯೆಯನ್ನು ನೆಚ್ಚಿಕೊಂಡಿದೆ ಎಂದು ನಾನೇನು ಬಲ್ಲೆ? ದರ್ಜಿಯ ಅಜ್ಞಾನಕ್ಕೆ ಹೆಚ್ಚೆಂದರೆ ಒಂದು ಪ್ಯಾಂಟು ಹಾಳಾಗುತ್ತದೆ. ಅದೇ ಅಜ್ಞಾನಕ್ಕೆ ಕಚೇರಿ, ಕುರ್ಚಿ, ಮೊಹರು ಸಿಕ್ಕರೆ?

ಬಾಗಿಲಲ್ಲಿದ್ದ ತಮ್ಮ ಸಿಬ್ಬಂದಿ ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, “ನಿಮಗ್ಯಾಕಮ್ಮ ಇದು? ಫ್ಯಾನ್ ಹಾಕಿದ್ರೆ ಹಾರಿಹೋಗ್ತೀರ. ಕೊಲೆಸ್ಟ್ರಾಲ್ ಇರೋಕೂ ಜಾಗ ಬೇಡ್ವಾ?” ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

“ನಗು, ನಗು. ಒಳಗೆ ಸೂಜಿ ಚುಚ್ಚುವಾಗ ಅಳಬೇಡ,” ಎಂದು ಅಕ್ಕ ಅಂಗಡಿಗೆ ಹೋದಳು.

ನನ್ನ ವರದಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಬರಲಿಲ್ಲ. ಆದರೂ ಹೆದರಿ ಕರಿದದ್ದು ಬಿಟ್ಟೆ, ಮೊಟ್ಟೆಯ ಹಳದಿಯ ಮೇಲೆ ಹಗೆ ಸಾಧಿಸಿದೆ, ಬೆಳಗಿನ ನಡಿಗೆಗೆ ಹೊರಟು ಬೇಕರಿಯವರೆಗೂ ತಲುಪಿದೆ. ಅಷ್ಟರಲ್ಲಿ ಅಕ್ಕನಿಗೆ ದವಡೆ ನೋವು ಶುರುವಾಯಿತು. “ಹಲ್ಲು ಹುಳುಕಾಗಿರಬೇಕು, ಲವಂಗ ಕಚ್ಕೋ,” ಎಂದು ನಾನು ಚಿಕಿತ್ಸೆ ಹೇಳಿದೆ. ಲವಂಗದ ಡಬ್ಬಿ ಖಾಲಿಯಾಯಿತು, ನೋವು ಹೋಗಲಿಲ್ಲ.

ಹಲ್ಲಿನ ಡಾಕ್ಟರು ಒಂದೊಂದೇ ಹಲ್ಲು ತಟ್ಟಿ ನೋಡಿದರು. “ಹಲ್ಲೆಲ್ಲ ಗಟ್ಟಿಯಾಗಿವೆ. ನೋವು ಯಾವಾಗ ಬರುತ್ತೆ?”

“ಮೆಟ್ಟಿಲು ಹತ್ತುವಾಗ. ಕೂತ್ರೆ ಹೋಗುತ್ತೆ.”

ಡಾಕ್ಟರು ಕೈಗವಸು ಬಿಚ್ಚಿದರು. “ಈಗಲೇ ಹೃದಯದ ಆಸ್ಪತ್ರೆಗೆ ಹೋಗಿ. ನಡ್ಕೊಂಡು ಹೋಗಬೇಡಿ.”

ಹೃದಯದ ರಕ್ತನಾಳವೊಂದು ಬಹುಪಾಲು ಮುಚ್ಚಿಹೋಗಿತ್ತು. ಸ್ಟೆಂಟ್ ಹಾಕಿದರು. ಹೊರಗಿನ ಬೆಂಚಿನಲ್ಲಿ ಕೂತು, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಅತ್ತೆ. ಅಳುವವನ ಕೈಗೆ ಆಸರೆಯಾಗಬಲ್ಲದೇ ಹೊರತು ಆ ಹೊಟ್ಟೆ ಯಾರ ಹೃದಯದ ಸುದ್ದಿಯನ್ನೂ ಹೇಳಲಾರದು ಎಂದು ಅಂದು ಗೊತ್ತಾಯಿತು.

ಆಮೇಲೆ ಅಲ್ಲಿನ ವೈದ್ಯೆ ಬಿಡಿಸಿ ಹೇಳಿದರು: “ಕೊಲೆಸ್ಟ್ರಾಲ್ ವಿಷ ಅಲ್ಲ. ಜೀವಕೋಶದ ಗೋಡೆಗೆ, ಹಾರ್ಮೋನಿಗೆ, ಪಿತ್ತರಸಕ್ಕೆ ಅದು ಬೇಕೇ ಬೇಕು. ಅದಕ್ಕೇ ಲಿವರ್ ತಾನೇ ತಯಾರಿಸಿಕೊಳ್ಳುತ್ತೆ. ಕೆಟ್ಟ ಕೊಲೆಸ್ಟ್ರಾಲ್ ಅಂತೀವಲ್ಲ, ಅದು ರಕ್ತದಲ್ಲಿ ಹೆಚ್ಚಾದ್ರೆ ನಾಳದ ಗೋಡೆಯಲ್ಲಿ ಕೂತುಬಿಡುತ್ತೆ. ಕೆಲವರ ಮನೆತನದಲ್ಲಿ ಅದನ್ನು ರಕ್ತದಿಂದ ತೆಗೆಯೋ ಶಕ್ತಿನೇ ಹುಟ್ಟಿನಿಂದ ಕಮ್ಮಿ. ಅವರು ಎಷ್ಟು ತೆಳ್ಳಗಿದ್ರೂ ಅಷ್ಟೇ. ನಿಮ್ಮ ತಂದೆ ಹೇಗೆ ತೀರಿಕೊಂಡ್ರು?”

ಅಪ್ಪ ಇನ್ನೂ ತಲೆ ನರೆಯುವ ಮೊದಲೇ, ಬಟ್ಟೆ ಕತ್ತರಿಸುತ್ತಿದ್ದವರು ನಿಂತಲ್ಲೇ ಕುಸಿದಿದ್ದರು. ಅವರೂ ಕಡ್ಡಿಯಂತಿದ್ದರು. ಅವರ ಆಯಸ್ಸೇ ಅಷ್ಟಿತ್ತು ಎಂದು ಹೇಳಿಕೊಂಡು ಬಂದಿದ್ದೆವು.

ಮಾನ್ಯರೇ, ಇದೊಂದು ಪ್ರಶ್ನೆಯನ್ನು ಬಾಗಿಲಲ್ಲೇ ಕೇಳಲು ಯಾವ ಯಂತ್ರ ಬೇಕಿತ್ತು? ಯಾವ ಆದೇಶ ಬರಬೇಕಿತ್ತು? ಮುಂದಿನ ಶಿಬಿರದಲ್ಲಿ ಬಂದವರ ಹೊಟ್ಟೆ ನೋಡುವುದನ್ನು ಬಿಟ್ಟು, ಮನೆಯಲ್ಲಿ ಯಾರಿಗೆ ಚಿಕ್ಕ ವಯಸ್ಸಿಗೇ ಹೃದಯ ಕೈಕೊಟ್ಟಿತ್ತು ಎಂದು ಕೇಳಿಸಿ. ಸಣಕಲರಿಗೂ ಸೂಜಿ ಚುಚ್ಚಿಸಿ.

ಅಕ್ಕ ಈಗ ಮಾತ್ರೆ ನುಂಗಿಕೊಂಡು ಮೆಷಿನ್ನಿಗೆ ಮರಳಿದ್ದಾಳೆ. ಅವಳ ಮಗಳಿಗೂ ಪರೀಕ್ಷೆ ಆಗಲೇಬೇಕೆಂದು ವೈದ್ಯೆ ಹೇಳಿದ್ದಾರೆ. ಹುಡುಗಿ ಕಾಲೇಜಿನಲ್ಲಿ ಓಟಕ್ಕೆ ಹೆಸರಾದವಳು, ಅಮ್ಮನಿಗಿಂತಲೂ ತೆಳ್ಳಗೆ. ಅವಳನ್ನು ಕರೆದುಕೊಂಡು ಬರುತ್ತೇನೆ. ದಯವಿಟ್ಟು ಅವಳನ್ನು ಒಳಗೆ ಬಿಡಿ. ನಾನು ಹೊರಗೇ ಕಾಯುತ್ತೇನೆ.

ಇಂತಿ,
ಮನೆವೈದ್ಯವನ್ನು ಕೈಬಿಟ್ಟ ಅವಳ ಸೋದರಮಾವ