ಕ್ಲೆಲ್ ಆಡದ ಮಾತು

ಲಾರೆಲ್ ಬೆಂಡ್, ಕೆಂಟಕಿ
ಅಕ್ಟೋಬರ್ ೧೯

ಪ್ರೀತಿಯ ಕ್ಲೆಲ್,

ಹೇಗಿದ್ದೀಯೋ? ಸತ್ತು ಎರಡು ವರ್ಷವಾದ ಅಣ್ಣನ ಆರೋಗ್ಯ ವಿಚಾರಿಸುವ ತಂಗಿಯನ್ನು ಕಂಡು ನೀನು ಹೊಟ್ಟೆ ಹಿಡಿದುಕೊಂಡು ನಗುತ್ತೀಯ ಎಂದು ಗೊತ್ತು. ಆದರೂ ಕೇಳದೆ ಮುಂದಕ್ಕೆ ಬರೆಯಲು ಕೈ ಬರುವುದಿಲ್ಲ. ಅಮ್ಮನ ಮಂಡಿನೋವು ಹಾಗೇ ಇದೆ. ಮೆಕ್ಕೆಜೋಳದ ಬ್ರೆಡ್ಡು ಮಾಡಿದಾಗಲೆಲ್ಲ ನಿನ್ನ ಪಾಲಿನ ತುಂಡನ್ನು ಈಗಲೂ ಎತ್ತಿಡುತ್ತಾಳೆ. ಅವಳು ಅತ್ತ ತಿರುಗಿದಾಗ ನಾನು ತಿಂದುಬಿಡುತ್ತೇನೆ.

ಸುದ್ದಿ ಏನೆಂದರೆ, ನನಗೆ ಮೆಡಿಕಲ್ ಸೀಟು ಸಿಕ್ಕಿತು. ಅದು ಸಿಕ್ಕ ಬಗೆಯನ್ನು ನಿನಗಲ್ಲದೆ ಇನ್ನಾರಿಗೂ ಹೇಳಲಾರೆ. ಹಳ್ಳದ ನೀರು ನಿನ್ನ ಟ್ರಕ್ಕನ್ನು ಕೊಚ್ಚಿಕೊಂಡು ಹೋದ ಆ ಶರತ್ಕಾಲದಲ್ಲಿ ನಾನು ಆರ್ಗ್ಯಾನಿಕ್ ಕೆಮಿಸ್ಟ್ರಿ ತರಗತಿಯಲ್ಲಿ ಸುಮ್ಮನೆ ಕೂತಿರುತ್ತಿದ್ದೆ, ಅಷ್ಟೇ. ಬೋರ್ಡಿನ ಮೇಲೆ ಮೇಷ್ಟರು ಏನು ಬರೆದರೂ ನನಗೆ ನೀರು ಏರುವುದೇ ಕಾಣುತ್ತಿತ್ತು. ಡಿ ಗ್ರೇಡು ಬಂತು. ಮರುವರ್ಷ ಅದನ್ನೇ ಮತ್ತೆ ಓದಿ ಎ ಗಿಟ್ಟಿಸಿದೆ. ನಮ್ಮ ಕಾಲೇಜು ಹಳೆಯ ಗ್ರೇಡನ್ನು ಲೆಕ್ಕದಿಂದ ಕೈಬಿಟ್ಟಿತು, ನಾನೂ ನಿರಾಳವಾದೆ. ಆದರೆ ಮೆಡಿಕಲ್ ಅರ್ಜಿಯವರು ಎರಡನ್ನೂ ಸೇರಿಸಿಯೇ ಸರಾಸರಿ ತೆಗೆಯುತ್ತಾರೆ, ಕ್ಲೆಲ್. ಅಳಿಸಿಹೋಯಿತೆಂದುಕೊಂಡದ್ದು ಎದ್ದು ಬಂದು ಎದುರು ನಿಂತಿತು. ಕಾಲೇಜಿನ ಸಲಹೆಗಾರ್ತಿ ಮಿಸೆಸ್ ಪ್ರೂಯಿಟ್ ಬಾಗಿಲು ಮುಚ್ಚಿ, "ನೋಡಮ್ಮಾ, ಈ ಸರಾಸರಿ ಕಂಡ್ರೆ ನಿನ್ನ ಅರ್ಜಿ ಪಕ್ಕಕ್ಕೆ ಎತ್ತಿಡ್ತಾರೆ. ಅರ್ಜಿ ಜೊತೆ ಕಳಿಸೋ ಪ್ರಬಂಧದಲ್ಲಿ ನಿಮ್ಮಣ್ಣನ ವಿಷಯ ಬರಿ. ಕೊನೇಲಿ ಅವ್ನು ನಿಂಗೆ ಏನಾದ್ರೂ ಹೇಳಿದ್ನಾ?" ಎಂದಳು.

ಕೊನೆಗೆ ನೀನು ಒಂದು ಮಾತು ಹೇಳಿದ್ದೇನೋ ನಿಜ. ನನ್ನ ಕಾರಿನ ಕಿಟಕಿಗೆ ಒರಗಿಕೊಂಡು, "ಏ ಡಾಕ್ಟ್ರಮ್ಮಾ, ನಿನ್ ಕೈಗೆ ನನ್ ನಾಯೀನೂ ಕೊಡಲ್ಲ, ಹೋಗೇ" ಅಂದಿದ್ದೆ. ಅದನ್ನು ಬರೆದರೆ ಯಾರು ಸೀಟು ಕೊಡುತ್ತಾರೆ? "ಒರ್ಲೀನಾ, ನಮ್ಮ ಜನರನ್ನು ಉಳಿಸು" ಎಂದು ಪ್ರಬಂಧದಲ್ಲಿ ನಿನ್ನ ಬಾಯಿಂದ ಹೇಳಿಸಿದೆ. ಊರಿನವರನ್ನೆಲ್ಲ ಗೇಲಿ ಮಾಡುತ್ತಿದ್ದ ನಿನ್ನ ಬಾಯಿಂದ! ಅಂದಿನಿಂದ ಕನಸಿಗೆ ಬರುವವನು ನೀನಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಯಾರೋ ಒಬ್ಬ, ನಿನ್ನ ಮುಖ ಹೊತ್ತು ಮಂಚದ ತುದಿಯಲ್ಲಿ ಕೂತು ಆ ಮಾತನ್ನೇ ಹೇಳುತ್ತಾನೆ. ನಿನ್ನ ನಿಜವಾದ ದನಿ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ಹೋದರೆ ಅವನದೇ ಕೇಳಿಸುತ್ತದೆ. ನನಗೆ ಹೆದರಿಕೆಯಾಗುತ್ತಿದೆ. ಒಂದು ಸಲ ಬಂದು ಬಾಯಿ ತುಂಬ ಬೈದು ಹೋಗೋ.

ಅಲ್ಲಿ ಅಜ್ಜ ಸಿಕ್ಕರೆ ನಾನು ಕೇಳಿದೆನೆಂದು ಹೇಳು. ಇಬ್ಬರೂ ಬೆಚ್ಚಗಿರಿ.

ನಿನ್ನ ತಂಗಿ,
ಒರ್ಲೀನಾ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಆ ಪ್ರಬಂಧವನ್ನು ಅಮ್ಮ ಓದಿದಳು. "ನನ್ ಮಗ ಹಿಂಗಂದಿದ್ನಾ? ನಂಗ್ಯಾಕೇ ಹೇಳ್ಲಿಲ್ಲ ನೀನು?" ಎಂದು ನನ್ನ ಕೈ ಹಿಡಿದುಕೊಂಡು ಅತ್ತಳು. ನಾನು ಹೂಂ ಅಂದುಬಿಟ್ಟೆ. ಶನಿವಾರ ನಿನ್ನ ಸಮಾಧಿಗೆ ಕಲ್ಲು ನಿಲ್ಲಿಸುತ್ತಾರೆ. ನಿನ್ನ ಹೆಸರಿನ ಕೆಳಗೆ ಆ ಮಾತನ್ನೇ ಕೆತ್ತಿಸಿದ್ದಾಳೆ.