ಒಂದೇ ಕಡೆಯ ಟೆಸ್ಟ್

ಮಾರ್ಚ್ ೩, ಬೆಳಿಗ್ಗೆ

ಮಗಳ ಬೆನ್ನು ತಟ್ಟಿದ್ದಾಯಿತು. ಅಂಗೈ ಬೋಗುಣಿ ಮಾಡಿ, ಕಫ ಸಡಿಲವಾಗುವವರೆಗೆ. ಹಣೆಗೆ ಮುತ್ತಿಟ್ಟೆ — ಅದೇ ಉಪ್ಪು. ಅತ್ತೆ ಬಾಗಿಲಲ್ಲಿ ನಿಂತು ಮೂಗು ಮುರಿದರು. "ನಿನ್ನ ತವರಿನ ಕೊಳಕು ರಕ್ತ. ನನ್ನ ಮೊಮ್ಮಗಳ ಎದೇಲಿ ಗೊರಗೊರ ಅಂತಿದೆ."

ಸಿಸ್ಟಿಕ್ ಫೈಬ್ರೋಸಿಸ್: ಎದೆಯಲ್ಲಿ ಅಂಟು ಕಫ, ಬೆವರೆಲ್ಲ ಉಪ್ಪು. ಡಾಕ್ಟರು ಅತ್ತೆಯ ಎದುರೇ ಹೇಳಿದ್ದರು: ಕೆಟ್ಟ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಎರಡೂ ಸೇರಿದರೆ ಮಾತ್ರ ಕಾಯಿಲೆ. ಒಂದೇ ಇದ್ದವರು ಕ್ಯಾರಿಯರ್. ಗುಂಡುಕಲ್ಲಿನ ಹಾಗೆ ಇರುತ್ತಾರೆ, ಗೊತ್ತೇ ಆಗುವುದಿಲ್ಲ. ನಾನೂ ಕ್ಯಾರಿಯರ್, ನನ್ನ ಗಂಡನೂ.

ಗಂಡ? ಮೊಬೈಲಿನಲ್ಲಿ ಮುಖ. ಥೂ.

ಮಾರ್ಚ್ ೯

ನಾದಿನಿ ಬಸುರಿ. ಅವಳನ್ನು ಕೊಟ್ಟಿರುವುದು ನನ್ನ ತಮ್ಮನಿಗೇ. ಅತ್ತೆ ಬಿಳಿಚಿಕೊಂಡರು. ಆ 'ಕೊಳಕು ರಕ್ತ' ಈಗ ಸ್ವಂತ ಮಗಳ ಹೊಟ್ಟೆಯಲ್ಲಿ!

"ಇಬ್ಬರೂ ಟೆಸ್ಟ್ ಮಾಡಿಸ್ಲಿ" ಅಂದೆ.

"ನಿನ್ನ ತಮ್ಮ ಮಾಡಿಸ್ಲಿ. ನನ್ನ ಮಗಳಿಗ್ಯಾಕೆ ಸೂಜಿ? ನಮ್ಮದು ಚೊಕ್ಕ ವಂಶ."

ಅವರ ಮಗ, ನನ್ನ ಗಂಡ, ಅಲ್ಲೇ ಕೂತಿದ್ದ. ಚೊಕ್ಕ ವಂಶದ ಕ್ಯಾರಿಯರ್. ಮೊಬೈಲು ಉಜ್ಜುತ್ತಿದ್ದ.

ಮಾರ್ಚ್ ೩೦

ತಮ್ಮ ಕ್ಯಾರಿಯರ್. ಅತ್ತೆ ಫೋನಿನಲ್ಲಿ ಮಗಳಿಗೆ: "ತೆಗೆಸಿಬಿಡೇ."

ತೆಗೆಸುವುದಂತೆ! ಅವಳ ಟೆಸ್ಟೇ ಆಗಿಲ್ಲ. ಕೂಗಾಡಿದೆ. ಅವಳಲ್ಲಿ ಆ ಜೀನ್ ಇಲ್ಲದಿದ್ದರೆ ಮಗುವಿಗೆ ಕಾಯಿಲೆಯ ಭಯ ಇಲ್ಲವೆನ್ನುವಷ್ಟು ಕಡಿಮೆ. ಇದ್ದರೂ ನಾಲ್ಕರಲ್ಲಿ ಒಂದು ಪಾಲು — ಪ್ರತಿ ಬಸಿರಿಗೂ ಅಷ್ಟೇ. ಹೊಟ್ಟೆಯೊಳಗಿನ ಮಗುವನ್ನೂ ಪರೀಕ್ಷಿಸಬಹುದು. ಆಮೇಲೆ ತೀರ್ಮಾನ ಅವಳದು, ಅವಳ ಗಂಡನದು. ಈ ಹಾಲ್‌ನ ಸೋಫಾದ್ದಲ್ಲ.

ಗಂಡ ಬಾಯಿಬಿಟ್ಟ: "ಅಮ್ಮನ ಬಿಪಿ ಏರಿಸ್ಬೇಡ ಮಾರಾಯ್ತಿ."

ಲಾಂಡ್ರಿಯಲ್ಲಿ ಊರವರ ಬೆವರಿನ ಅಂಗಿ ಒಗೆಯುತ್ತೇನೆ. ಅಲ್ಲಿ ಆಗದ ಹೇಸಿಗೆ ಇಲ್ಲಿ ಆಯಿತು.

ಏಪ್ರಿಲ್ ೧

ಕೆಲಸಕ್ಕೆ ಚಕ್ಕರ್. ನಾದಿನಿಯನ್ನು ಲ್ಯಾಬಿಗೆ ಕರೆದೊಯ್ದೆ. ತೋಳು ಚಾಚಿ ಕೂತವಳು ಕೇಳಿದಳು: "ಅತ್ತಿಗೆ, ನನ್ನಲ್ಲೂ ಇದ್ರೆ ಅಮ್ಮ ನನ್ನನ್ನೂ ಕೊಳಕು ಅಂತಾಳಾ?"

"ಇಲ್ಲ ಕಣೇ. ಲ್ಯಾಬಿನವರ ಸೂಜಿ ಕೊಳಕು ಅಂತಾರೆ."

ನಕ್ಕಳು. ಕೈ ಮಾತ್ರ ಬಿಡಲಿಲ್ಲ.

ಏಪ್ರಿಲ್ ೨೩, ಸಂಜೆ

ನಾದಿನಿಯಲ್ಲಿ ಆ ಜೀನ್ ಇಲ್ಲ. ತಮ್ಮ ಫೋನಿನಲ್ಲೇ ಅತ್ತುಬಿಟ್ಟ.

ನಾದಿನಿ ಹೇಳಲು ಬಂದಳು. ಅತ್ತೆ ಚಪ್ಪಾಳೆ ತಟ್ಟಿದರು. "ನೋಡಿದ್ಯಾ? ನಾನು ಹೇಳ್ಲಿಲ್ವಾ, ನಮ್ಮದು ಚೊಕ್ಕ!"

ನಾದಿನಿ ಹೊಟ್ಟೆಯ ಮೇಲೆ ಕೈಯಿಟ್ಟಳು. "ನೀನು ತೆಗೆಸು ಅಂದಿದ್ದು ಇದನ್ನೇ ಅಮ್ಮ. ಚೊಕ್ಕ ಆದ್ರೆ ಅಣ್ಣನಿಗೆ ಎಲ್ಲಿಂದ ಬಂತು? ನಿನ್ನಿಂದಾನಾ, ಅಪ್ಪನಿಂದಾನಾ?"

ಅತ್ತೆ ಅಡುಗೆಮನೆಗೆ ನಡೆದರು. ಪಾತ್ರೆಗಳ ಮೇಲೆ ಸಿಟ್ಟು.

ಮಗಳು ಕೆಮ್ಮುತ್ತಿದ್ದಾಳೆ. ಬೆನ್ನು ತಟ್ಟುವ ಹೊತ್ತು. ನಾನು ಏಳಲಿಲ್ಲ, ಬರೆಯುತ್ತ ಕೂತಿದ್ದೇನೆ. ಗಂಡನಿಗೆ ಇಲ್ಲಿಂದಲೇ ಕೂಗಿದೆ: "ಅರ್ಧ ನಿಮ್ಮದು. ಬನ್ನಿ, ತಟ್ಟಿ."

ಮೊಬೈಲು ಮೇಜಿನ ಮೇಲಿಟ್ಟ ಸದ್ದು. ಕೆಮ್ಮು ಜೋರಾಗುತ್ತಿದೆ. ಹೆಜ್ಜೆ ಸದ್ದು ಇನ್ನೂ ಕೇಳಿಸಿಲ್ಲ.